ಉಗರಗೋಳ ಇಲ್ಲವೆಂದ ಕಂಪ್ಯೂಟರು

ನಾನು ಮದುವೆಯಾಗಿ ಬೈಲಹೊಂಗಲದ ಮನೆಗೆ ಬಂದ ದಿನ ಪಡಸಾಲೆಯಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ಒಂದು ಹುಲಿಯ ತಲೆ. ರದ್ದಿ ಕಾಗದದಿಂದ ಮಾಡಿ ಬಣ್ಣ ಬಳಿದದ್ದು. ಅದರ ಬಾಯೊಳಗೆ ಯಾರೋ ಎಲೆಅಡಿಕೆಯ ಚೀಲ ಇಟ್ಟಿದ್ದರು. ಆರತಿ ಹಿಡಿದು ನಿಂತಿದ್ದ ಅತ್ತೆ ನಾನು ಬೆಚ್ಚಿದ್ದನ್ನು ನೋಡಿ, "ಅಂಜಬ್ಯಾಡವಾ, ಅದು ಮುಂದಿನ ವಾರ ರಾಮದುರ್ಗದ ಕಡೆ ಹೊಂಟೈತಿ" ಎಂದರು.

ಗಂಡನ ಮನೆಯವರು ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವವರು. ನಮ್ಮ ಕಡೆ ಸುಗ್ಗಿ ಮುಗಿದು ಕೈ ಖಾಲಿಯಾದರೆ ಊರೂರಿನ ಗಂಡಸರು ನಾಟಕ ಕಲಿಯಲು ಕೂರುತ್ತಾರೆ. ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತಿನ ಹಳ್ಳಿಗಳವರು ಕಿರೀಟ, ಗದೆ, ಗಡ್ಡ, ಮೀಸೆಗಳಿಗೆ ನಮ್ಮ ಮನೆಗೇ ಬರುತ್ತಿದ್ದರು. ಅಂಗಡಿ ನಡೆಸುತ್ತಿದ್ದವರು ಅತ್ತೆ. ಮಾವನವರು ಪೇಟಿ ಮಾಸ್ತರರು. ಹಾರ್ಮೋನಿಯಂ ನುಡಿಸುತ್ತ ಊರವರಿಗೆ ನಾಟಕ ಕಲಿಸಿ, ಈಗ ವಯಸ್ಸಾಯಿತೆಂದು ಮನೆಯಲ್ಲೇ ಕೂತು ಎಲ್ಲರ ಮಾತಿನ ಶ್ರುತಿ ತಿದ್ದುತ್ತಿದ್ದರು. ನನ್ನ ಗಂಡ ಕಿತ್ತೂರಿನ ಕಡೆ ಒಂದು ಶಾಲೆಯಲ್ಲಿ ಮಾಸ್ತರು. ಬೆಳಿಗ್ಗೆ ಹೋದವರು ಸಂಜೆ ಬರುತ್ತಿದ್ದುದರಿಂದ ಮನೆಯ ಮುಖ್ಯವಾದ ಗದ್ದಲಗಳೆಲ್ಲ ಅವರಿಗೆ ತಪ್ಪುತ್ತಿದ್ದವು.

ಎರಡು ಸಾವಿರದ ಇಸವಿ ಆಗತಾನೇ ದಾಟಿತ್ತು. ನಾನು ಪೇಟೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಅದರ ಯಜಮಾನರು ಒಂದು ದಿನ ಇದ್ದಕ್ಕಿದ್ದಂತೆ ಕೇಂದ್ರ ಮುಚ್ಚಿ ಅದೇ ಜಾಗದಲ್ಲಿ ಖಾರ ಕುಟ್ಟುವ ಗಿರಣಿ ಹಾಕಿದರು. ಹೋಗುವಾಗ ಎಲ್ಲಕ್ಕಿಂತ ಹಳೆಯ ಕಂಪ್ಯೂಟರನ್ನು ಅಗ್ಗಕ್ಕೆ ನನಗೆ ಕೊಟ್ಟರು. ನಾನು ಅದನ್ನು ತಂದು ಹುಲಿಯ ತಲೆಯ ಪಕ್ಕದಲ್ಲಿ ಇಟ್ಟೆ. ವರ್ಷವೊಂದು ಅದು ಮೇಲೆ ಬಟ್ಟೆ ಹೊದ್ದುಕೊಂಡು ಸುಮ್ಮನೆ ಕೂತಿತ್ತು.

ಅದಕ್ಕೆ ಕೆಲಸ ಬಂದದ್ದು ರಾಮದುರ್ಗದ ಹತ್ತಿರದ ಒಂದು ಹಳ್ಳಿಯವರಿಂದ. ಅವರು ಪೌರಾಣಿಕ ನಾಟಕಕ್ಕೆ ರಾಕ್ಷಸನ ಡ್ರೆಸ್ಸು ಕೇಳಿದ್ದರು. ಟ್ರಂಕು ತೆಗೆದರೆ ಒಳಗಿದ್ದದ್ದು ರಾಣಿಯದು. ಅಷ್ಟೊತ್ತಿಗೆ ಪರದೆ ಏಳುವ ಹೊತ್ತಾಗಿತ್ತಂತೆ. ರಾಕ್ಷಸನಾಗಬೇಕಿದ್ದವನು ಊರಿನ ಪೈಲ್ವಾನ. ಅವನು ಹಸಿರು ಜರಿ ಸೀರೆ ಸುತ್ತಿಕೊಂಡು, ತೋಳಿಗೆ ವಂಕಿ ಏರಿಸಿಕೊಂಡು, ರಂಗದ ಮೇಲೆ ಬಂದು ಹೂಂಕರಿಸಿದನಂತೆ. ಮರುದಿನ ಆ ಊರಿನ ಹಿರಿಯರೊಬ್ಬರು ಟ್ರಂಕನ್ನು ನಮ್ಮ ಕಟ್ಟೆಯ ಮೇಲೆ ಧೊಪ್ಪನೆ ಇಳಿಸಿದರು.

"ರಾಕ್ಷಸ ಮಾಯಾ ರೂಪದಾಗ ಬಂದಾನ ಅಂತ ಮೈಕಿನಾಗ ಹೇಳಿ ಮಾನಾ ಉಳಿಸ್ಕೊಂಡ್ವಿ. ಮಾಯಾ ರೂಪದಾಗ ಬಂದಾಂವ ಮಾಯಾ ರೂಪದಾಗ ಸತ್ತ. ಮಂದಿ ಅಳೋದ ಬಿಟ್ಟ ಸೀಟಿ ಹೊಡದ್ರ."

ಅತ್ತೆ ಟ್ರಂಕಿನ ಮೇಲೆ ಬಣ್ಣದಲ್ಲಿ ಬರೆದಿದ್ದ ಗುರುತನ್ನು ತೋರಿಸಿದರು. "ನೋಡ್ರಿ, ರಾ ಅಂತ ಬರದಿಲ್ಲೇನು?"

"ರಾ ಅಂದ್ರ ರಾಕ್ಷಸ ಅಲ್ಲೇನ್ರಿ?"

"ರಾಣಿಗೂ ರಾ ಅಂತಾರಪಾ. ರಾಜಗೂ ರಾ. ಎತ್ತಿ ನೋಡಿದ್ರ ತೂಕದಾಗ ಗೊತ್ತಾಗ್ತೈತಿ."

ಅವರು ಹೋದ ಮೇಲೆ ನಾನು ಧೈರ್ಯ ಮಾಡಿ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕುತ್ತೇನೆ, ಇನ್ನು ಮೇಲೆ ಹೀಗಾಗುವುದಿಲ್ಲ ಎಂದೆ. ಅತ್ತೆ ಬಟ್ಟೆ ಹೊದ್ದ ಕಂಪ್ಯೂಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

"ಅದಕ್ಕ ಋಷಿ ಗಡ್ಡ ಯಾವ್ದು, ಫಕೀರನ ಗಡ್ಡ ಯಾವ್ದು ಗುರ್ತ ಹಿಡ್ಯಾಕ ಬರ್ತೈತೇನ?"

"ಹೇಳಿಕೊಟ್ರ ಬರ್ತೈತ್ರಿ."

"ಹಂಗಾರ ಮಾಡು. ಆದ್ರ ಗಡ್ಡಕ್ಕ ಕೈ ಹಚ್ಚಗೊಡಬ್ಯಾಡ."

ಒಂದು ಮಾಸಪತ್ರಿಕೆಯ ಜೊತೆ ಪುಕ್ಕಟೆಯಾಗಿ ಬಂದ ಸೀಡಿಯಲ್ಲಿ ಡೇಟಾಬೇಸ್ ಇತ್ತು. ಅದನ್ನು ಹಾಕಿಕೊಂಡು ಕೂತೆ. ನಾಟಕಗಳಿಗೆ ಒಂದು ಟೇಬಲ್, ಪಾತ್ರಗಳಿಗೆ ಒಂದು, ಡ್ರೆಸ್ಸುಗಳಿಗೆ ಒಂದು, ಊರುಗಳಿಗೆ ಒಂದು, ಆರ್ಡರುಗಳಿಗೆ ಒಂದು. ಟೇಬಲ್ ಅಂದರೆ ಸಾಲು ಸಾಲಾಗಿ ಮಾಹಿತಿ ತುಂಬುವ ಕೋಷ್ಟಕ. ಊರುಗಳದ್ದನ್ನು ಹೊಸದಾಗಿ ಮಾಡುವ ತೊಂದರೆಯೂ ಇರಲಿಲ್ಲ. ತರಬೇತಿ ಕೇಂದ್ರದಲ್ಲಿ ಹುಡುಗ ಹುಡುಗಿಯರು ಅಭ್ಯಾಸಕ್ಕೆಂದು ತಮ್ಮ ತಮ್ಮ ಊರು ತುಂಬಿಸಿದ್ದ ಟೇಬಲ್ಲು ಅದೇ ಕಂಪ್ಯೂಟರಿನಲ್ಲಿ ಉಳಿದಿತ್ತು. ಅದನ್ನೇ ಎತ್ತಿಕೊಂಡೆ. ಅದರಿಂದ ಮುಂದೆ ಏನಾಗುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ಒಂದು ಟೇಬಲ್ಲಿನಲ್ಲಿ ಬರೆದದ್ದು ಇನ್ನೊಂದು ಟೇಬಲ್ಲಿನಲ್ಲಿ ನಿಜವಾಗಿಯೂ ಇರಲೇಬೇಕು ಎಂದು ಕಂಪ್ಯೂಟರಿಗೆ ಕಟ್ಟುಪಾಡು ಹಾಕಬಹುದು. ಇಂಥ ನಾಟಕದ ಇಂಥ ಪಾತ್ರ ಎಂದು ಬರೆದರೆ ಆ ನಾಟಕ ನಾಟಕಗಳ ಟೇಬಲ್ಲಿನಲ್ಲಿ ಇದೆಯೇ ಎಂದು ಅದು ಹೋಗಿ ನೋಡಿ ಬರುತ್ತದೆ. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಈ ಕಟ್ಟುಪಾಡಿಗೆ ಫಾರಿನ್ ಕೀ ಎನ್ನುತ್ತಾರೆ. ರಾಕ್ಷಸನ ಟ್ರಂಕಿನಲ್ಲಿ ರಾಣಿ ಹೋಗದಂತೆ ತಡೆಯಲು ಇದಕ್ಕಿಂತ ಒಳ್ಳೆಯ ಕಾವಲುಗಾರ ಇಲ್ಲ ಎಂದು ನನ್ನ ಲೆಕ್ಕ. ಮಕ್ಕಳಿಗೆ ಇದನ್ನೇ ಪಾಠ ಹೇಳಿದ್ದೆ. ಪಾಠ ಹೇಳುವಾಗ ಅದು ಬಹಳ ಸುಲಭವಾಗಿತ್ತು.

ಮೊದಲು ಪಾತ್ರಗಳ ಟೇಬಲ್ ಮಾಡಹೊರಟೆ. ಪರದೆಯ ಮೇಲೆ ಒಂದೇ ಸಾಲು ಬಂತು: ಟೇಬಲ್ ಮಾಡಲು ಬರುವುದಿಲ್ಲ, ಎರರ್ ನಂಬರ್ ನೂರೈವತ್ತು. ಯಾಕೆ, ಏನು, ಎಲ್ಲಿ ತಪ್ಪು ಎಂಬ ಒಂದು ಮಾತೂ ಇಲ್ಲ. ಸಿಟ್ಟಿಗೆದ್ದ ಬೀಗರು ಊಟಕ್ಕೆ ಕರೆದರೆ ತಲೆ ಅಲ್ಲಾಡಿಸುವಂತೆ ಬರೀ ನೂರೈವತ್ತು.

ಮಾವನವರು ಮಧ್ಯಾಹ್ನ ಬಂದು ಇಣುಕಿದರು. "ಎಷ್ಟೈತವಾ?"

"ನೂರೈವತ್ರಿ, ಮಾವಾರ."

ಸಂಜೆ ಮತ್ತೆ ಬಂದರು. "ಈಗ?"

"ಅಷ್ಟ ಐತ್ರಿ."

"ಇಳೀಲೇ ಇಲ್ಲ? ಮನಷ್ಯಾಗ ನೂರಾ ನಾಕು ಬಂದ್ರ ಹಣಿ ಮ್ಯಾಲ ತಣ್ಣೀರ ಪಟ್ಟಿ ಹಾಕ್ತಾರ." ಹೀಗೆಂದು ತಮ್ಮ ಕೋಣೆಯ ಟೇಬಲ್ ಫ್ಯಾನು ಎತ್ತಿ ತಂದು ಕಂಪ್ಯೂಟರಿನ ಕಡೆ ತಿರುಗಿಸಿ ಇಟ್ಟರು. ಆ ಗಾಳಿಗೆ ಹಗ್ಗದ ಮೇಲೆ ಒಣಗಲು ಹಾಕಿದ್ದ ಗಡ್ಡಗಳೆಲ್ಲ ಹಾರಾಡತೊಡಗಿ, ಅತ್ತೆ ಒಳಗಿನಿಂದ ಕೂಗಿದರು.

ಮರುದಿನ ಮೊದಲನೆಯ ತಪ್ಪು ಕಂಡಿತು. ಪಾತ್ರಗಳ ಟೇಬಲ್ಲು ನಾಟಕಗಳ ಟೇಬಲ್ಲಿನ ಕಡೆ ಬೊಟ್ಟು ಮಾಡುತ್ತಿತ್ತು, ಆದರೆ ನಾಟಕಗಳ ಟೇಬಲ್ಲನ್ನು ನಾನು ಇನ್ನೂ ಮಾಡಿಯೇ ಇರಲಿಲ್ಲ. ಯಾರ ಕಡೆ ಬೊಟ್ಟು ಮಾಡುತ್ತೇವೋ ಅವರು ಮೊದಲು ಹುಟ್ಟಿರಬೇಕಲ್ಲ! ನಾಟಕಗಳದ್ದನ್ನು ಮೊದಲು ಮಾಡಿ ಆಮೇಲೆ ಪಾತ್ರಗಳದ್ದಕ್ಕೆ ಬಂದೆ. ಮತ್ತೆ ನೂರೈವತ್ತು. ಹುಡುಕಿದರೆ, ಅಲ್ಲಿ ನಾಟಕಕ್ಕೆ ಅಂಕಿಯ ನಂಬರು ಕೊಟ್ಟಿದ್ದೆ, ಇಲ್ಲಿ ಅದೇ ಜಾಗದಲ್ಲಿ ಅಕ್ಷರ ಬರೆಯಲು ಅಂಕಣ ಮಾಡಿದ್ದೆ. ಎರಡೂ ಕಡೆ ಒಂದೇ ಜಾತಿಯ ಅಂಕಣ ಇರಬೇಕು. ಅದನ್ನೂ ತಿದ್ದಿದೆ. ಈ ಎರಡು ಟೇಬಲ್ಲು ಆದವು. ಆ ಖುಷಿಯಲ್ಲಿ ಡ್ರೆಸ್ಸುಗಳದ್ದಕ್ಕೆ ಕೈ ಹಾಕಿದೆ. ನೂರೈವತ್ತು.

ಅಂದು ಸಂಜೆ ಊಟಕ್ಕೆ ಕೂತಾಗ ಗಂಡ ಏನಾಯಿತೆಂದು ಕೇಳಿದರು. "ಫಾರಿನ್ ಕೀ ಹತ್ತವಲ್ಲದು" ಎಂದೆ. ಮಾವನವರು ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿ ಕೇಳಿಸಿಕೊಂಡರು.

ಮರುದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾವನವರೂ ಇಲ್ಲ, ಕಂಪ್ಯೂಟರಿನ ಚಾವಿಯೂ ಇಲ್ಲ. ಆ ಹಳೆಯ ಕಂಪ್ಯೂಟರುಗಳ ಡಬ್ಬಿಯ ಮುಂದೆ ಪುಟ್ಟ ಬೀಗದಂಥ ಕೀಲಿಯೊಂದು ಇರುತ್ತಿತ್ತು, ಅದಕ್ಕೊಂದು ದುಂಡನೆಯ ಚಾವಿ. ಅದನ್ನು ಯಾರೂ ಬಳಸುತ್ತಿರಲಿಲ್ಲ. ದಾರ ಕಟ್ಟಿ ಹಿಂದೆ ನೇತುಹಾಕಿದ್ದೆ. ಮಾವನವರು ಅದನ್ನು ಜೇಬಿಗೆ ಹಾಕಿಕೊಂಡು ಪೇಟೆಯ ಚಾವಿ ಮಾಡುವವನ ಹತ್ತಿರ ಹೋಗಿದ್ದರು. ಬಿಸಿಲೇರುವ ಹೊತ್ತಿಗೆ ಬೆವರೊರೆಸಿಕೊಳ್ಳುತ್ತ, ಆದರೆ ಗೆದ್ದವರ ಮುಖ ಮಾಡಿಕೊಂಡು ಬಂದರು.

"ಅಂವಾ ಭೂತಗನ್ನಡಿ ಹಿಡದ ನೋಡಿದ. ಇದು ಫಾರಿನ್ನದ ಖರೇ, ಇಂಥಾದು ನಮ್ಮಲ್ಲೆ ಸಿಗಂಗಿಲ್ಲ ಅಂದ. ಹಲ್ಲ ಸವದಿದ್ದುವಂತ. ಕಾನಸ ಹಿಡದ ತಿಕ್ಕಿ ಚೂಪ ಮಾಡಿ ಕೊಟ್ಟಾನ."

ನಾನು ಬೇಡ ಎನ್ನುವಷ್ಟರಲ್ಲಿ ಚಾವಿಯನ್ನು ಕೀಲಿಗೆ ಹಾಕಿ ಟಕ್ಕನೆ ತಿರುಗಿಸಿದರು. "ಈಗ ನೋಡು."

ಕೂತು ಬೆರಳು ಒತ್ತಿದೆ. ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಆ ಕೀಲಿ ಇದ್ದದ್ದೇ ಅದಕ್ಕೆ: ತಿರುಗಿಸಿದರೆ ಕೀಬೋರ್ಡು ಬಂದ್. ನಾನು ಎಷ್ಟು ಕುಟ್ಟಿದರೂ ಕಂಪ್ಯೂಟರು ಶಾಂತವಾಗಿ ಕೂತಿತ್ತು.

ಮಾವನವರು ಕನ್ನಡಕ ಏರಿಸಿ ಪರದೆ ನೋಡಿ ಅತ್ತೆಯನ್ನು ಕೂಗಿದರು. "ಏ, ಬಾರ ಇಲ್ಲೆ! ನೂರೈವತ್ತ ಹೋತು ನೋಡು!"

ಹೊಸದಾಗಿ ಚೂಪು ಮಾಡಿದ ಚಾವಿ ಹೊರಗೆ ಬರಲೊಲ್ಲದು, ತಿರುಗಲೂ ಒಲ್ಲದು. ಕೊನೆಗೆ ಅದೇ ಚಾವಿಯವನನ್ನು ಮನೆಗೆ ಕರೆಸಬೇಕಾಯಿತು. ಅವನು ಕೊಬ್ಬರಿ ಎಣ್ಣೆ ಬಿಟ್ಟು, ಹಿಂದಕ್ಕೆ ತಿರುಗಿಸಿ ಎಳೆದು ತೆಗೆದ. ನನ್ನ ಕಂಪ್ಯೂಟರು ಸಂಜೆಯವರೆಗೂ ಕೊಬ್ಬರಿಯ ವಾಸನೆ ಬೀರುತ್ತ ಮತ್ತೆ ನೂರೈವತ್ತು ತೋರಿಸಿತು. ಮಾವನವರು ನಿಟ್ಟುಸಿರು ಬಿಟ್ಟು, ಚಾವಿಯವನು ತಿರುಗಿಸಿದ್ದು ಉಲ್ಟಾ ಇರಬೇಕು ಎಂದರು.

ಡ್ರೆಸ್ಸುಗಳ ತೊಂದರೆ ಏನೆಂದರೆ ಅತ್ತೆಯ 'ರಾ'. ಯಾವ ಗುರುತಿನ ಕಡೆ ಬೊಟ್ಟು ಮಾಡಬೇಕೋ ಅದು ಒಂದಕ್ಕೆ ಒಂದೇ ಇರುವಂತೆ ಪಕ್ಕಾ ಮಾಡಿರಬೇಕು. ಮಾಡಲು ಹೋದರೆ ಕಂಪ್ಯೂಟರು, ಇದೇ ಗುರುತು ಇನ್ನೊಬ್ಬರಿಗೂ ಇದೆ ಎಂದು ತಕರಾರು ತೆಗೆಯಿತು. ರಾಜ, ರಾಣಿ, ರಾಕ್ಷಸ ಮೂವರಿಗೂ ರಾ ಒಂದು. ಭೀಮನಿಗೂ ಭೀಷ್ಮನಿಗೂ ಭೀ ಒಂದು. ಅತ್ತೆಯ ಮುಂದೆ ಹೋಗಿ, ಗುರುತು ಬದಲಿಸಬೇಕು ಎಂದೆ.

"ಇಷ್ಟ ವರ್ಷ ಯಾರೂ ತಕರಾರ ಮಾಡಿಲ್ಲ."

"ರಾಮದುರ್ಗದ ಕಡೆಯವರು ಮಾಡಿದ್ರಲ್ರಿ, ಅತ್ತಿ."

ಅತ್ತೆ ಆ ಮಾತು ಕೇಳದವರಂತೆ ಜಡೆಗೆ ಎಣ್ಣೆ ಹಚ್ಚುತ್ತ ಕೂತರು. ಅವರದಲ್ಲ, ನಾಟಕದ ರಾಣಿಯ ಜಡೆಗೆ. ಆದರೆ ಮಧ್ಯಾಹ್ನ ಬಣ್ಣದ ಡಬ್ಬಿ ಹಿಡಿದು ತಾವೇ ಟ್ರಂಕುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಹಳೆಯ ರಾ ಅಳಿಸಿ ಒಂದೊಂದಕ್ಕೂ ಬೇರೆ ಬೇರೆ ನಂಬರು ಬರೆದರು. "ಹೆಸರ ಹೋಗಿ ನಂಬರ ಬಂತು. ಜೇಲಿನಂಗಾತು" ಎಂದು ಗೊಣಗುತ್ತಲೇ ಬರೆದರು.

ಇಷ್ಟಾದ ಮೇಲೆ ಬಂದದ್ದು ನಮ್ಮ ಮನೆಯ ಮಹಾಯುದ್ಧ. ಪ್ರತಿ ಪಾತ್ರಕ್ಕೂ ಒಂದು ಡ್ರೆಸ್ಸು ಇರಲೇಬೇಕು ಎಂದು ನಾನು ಒಂದು ಕಟ್ಟುಪಾಡು ಹಾಕಿದ್ದೆ. ಪ್ರತಿ ಡ್ರೆಸ್ಸೂ ಯಾವುದಾದರೊಂದು ಪಾತ್ರದ್ದಾಗಿರಬೇಕು ಎಂದು ಇನ್ನೊಂದು. ಹೀಗಾಗಿ ಪಾತ್ರ ತುಂಬಲು ಹೋದರೆ ಡ್ರೆಸ್ಸೆಲ್ಲಿ ಎನ್ನುತ್ತಿತ್ತು, ಡ್ರೆಸ್ಸು ತುಂಬಲು ಹೋದರೆ ಪಾತ್ರವೆಲ್ಲಿ ಎನ್ನುತ್ತಿತ್ತು. ಯಾವುದು ಮೊದಲು ಬರಬೇಕು ಎಂದು ನಾನು ಚಹಾ ಕುಡಿಯುವಾಗ ಬಾಯಿತಪ್ಪಿ ಕೇಳಿಬಿಟ್ಟೆ.

"ಪಾತ್ರ" ಎಂದರು ಮಾವನವರು. "ಪಾತ್ರ ಇದ್ರ ನಟ. ಡ್ರೆಸ್ ಆಮ್ಯಾಲ. ನಾ ಭೀಮನ್ನ ಬರೇ ಧೋತರದಾಗ ನಿಂದರಿಸಿ ಮಂದೀನ ಅಳಿಸೇನಿ."

"ಅತ್ತಿದ್ದು ಯಾಕಂದ್ರ ಗದಾ ಬಂದಿರಲಿಲ್ಲ, ರೊಕ್ಕಾ ವಾಪಸ್ ಕೊಡ್ರಿ ಅಂತ" ಎಂದರು ಅತ್ತೆ. "ಡ್ರೆಸ್ ಇಲ್ಲಂದ್ರ ಭೀಮ ಯಾರು? ಯಾರದೋ ಮನಿ ದಪ್ಪ ಮನಷ್ಯಾ."

"ನಾಟಕ ಅಂದ್ರ ನಿನಗೇನ ಗೊತ್ತೈತಿ?"

"ನಾಟಕ ಮುಗದ ಮ್ಯಾಲ ಬೆವರ ವಾಸನಿ ತೊಳ್ಯಾಕಿ ನಾನು. ನನಗ ಗೊತ್ತಿರಲಾರದ್ದು ನಿಮಗೇನ ಗೊತ್ತೈತಿ?"

ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಎದುರುಬದುರು ಕೂತೇ ನನ್ನ ಮೂಲಕ ಮಾತಾಡತೊಡಗಿದರು. "ನಿಮ್ಮ ಮಾವಾಗ ರೊಟ್ಟಿ ಆಗ್ಯಾವಂತ ಹೇಳು." "ನಿಮ್ಮ ಅತ್ತೀಗೆ ಹಸಿವಿಲ್ಲಂತ ಹೇಳು." ಹಸಿವಿಲ್ಲ ಎಂದವರು ಅಷ್ಟರಲ್ಲಿ ತಟ್ಟೆ ಮುಂದೆ ಕೂತಿರುತ್ತಿದ್ದರು. ಹುಬ್ಬಿನ ಬಣ್ಣ ಕೊಳ್ಳಲು ಬಂದ ಗಿರಾಕಿಯ ಹತ್ತಿರವೂ ಮಾವನವರು, ನೀವೇ ಹೇಳಿ, ಪಾತ್ರ ದೊಡ್ಡದೋ ಡ್ರೆಸ್ಸು ದೊಡ್ಡದೋ ಎಂದು ಪಂಚಾಯಿತಿ ಹೂಡಿದರು. ಆತ ಬಣ್ಣ ಅಲ್ಲೇ ಬಿಟ್ಟು ಓಡಿದ.

ನಾನು ಬೇರೆ ದಾರಿ ಹುಡುಕಿದೆ. ಪಾತ್ರಗಳ ಟೇಬಲ್ಲಿನಿಂದ ಡ್ರೆಸ್ಸಿನ ಮಾತು ತೆಗೆದುಹಾಕಿದೆ. ಡ್ರೆಸ್ಸುಗಳದ್ದರಿಂದ ಪಾತ್ರದ ಮಾತು ತೆಗೆದೆ. ಎರಡೂ ತಮ್ಮ ಪಾಡಿಗೆ ತಾವು ಇರಲಿ ಎಂದು ಬಿಟ್ಟು, ಯಾರಿಗೆ ಯಾವುದು ಎಂದು ಹೇಳುವ ಮೂರನೆಯ ಟೇಬಲ್ಲೊಂದನ್ನು ಮಾಡಿದೆ. ಅದೊಂದೇ ಇಬ್ಬರ ಕಡೆಗೂ ಬೊಟ್ಟು ಮಾಡುತ್ತಿತ್ತು. ಒಂದೇ ಏಟಿಗೆ ಆಯಿತು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆಗೆ, ನಿಮ್ಮ ಮಾತೇ ಸರಿಯಾಯಿತು ಎಂದೆ. ಕಟ್ಟೆಗೆ ಬಂದು ಮಾವನವರಿಗೂ ಅದನ್ನೇ ಹೇಳಿದೆ. ಗೆದ್ದವರು ಉದಾರಿಗಳಾಗಬೇಕು ಎಂದು ಇಬ್ಬರಿಗೂ ಅನ್ನಿಸಿ, ಸಂಜೆ ಹೊತ್ತಿಗೆ ಮಾತು ಶುರುವಾಯಿತು.

ಉಳಿದದ್ದು ಆರ್ಡರುಗಳ ಟೇಬಲ್ ಒಂದೇ. ಅದು ಊರುಗಳ ಕಡೆ ಬೊಟ್ಟು ಮಾಡಬೇಕು. ಊರುಗಳ ಟೇಬಲ್ಲು ಇದೆ, ಅಂಕಣದ ಜಾತಿ ಸರಿಯಾಗಿದೆ, ಗುರುತು ಒಂದಕ್ಕೊಂದೇ ಇದೆ. ಆದರೂ ನೂರೈವತ್ತು. ನನಗೆ ಗೊತ್ತಿದ್ದದ್ದೆಲ್ಲ ಮುಗಿದಿತ್ತು. ಒಂದೊಂದೇ ಅಂಕಣ ತೆಗೆದು ನೋಡಿದೆ, ಮತ್ತೆ ಸೇರಿಸಿ ನೋಡಿದೆ. ಸಿಟ್ಟು ಬಂದು ಅಳು ಬಂತು. ಅತ್ತೆ ನನ್ನ ಕಣ್ಣು ನೋಡಿ, "ಬಿಡವಾ, ಒಂದ ಊರ ಕಡಿಮಿ ಆದ್ರ ಏನಾತು" ಎಂದರು.

ಆ ವಾರ ಸವದತ್ತಿಗೆ ಒಂದು ಟ್ರಂಕು ಮುಟ್ಟಿಸುವುದಿತ್ತು. ಮಾವನವರ ಜೊತೆ ನಾನೂ ಹೊರಟೆ, ಯಾಕೆಂದರೆ ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಒಂದು ಇಂಟರ್‌ನೆಟ್ ಅಂಗಡಿ ಆಗಿತ್ತು. ಅಂಗಡಿಯವನು ಫೋನಿನ ತಂತಿ ಸಿಕ್ಕಿಸಿದ. ಮೋಡೆಮ್ಮು ಕೀಂಯ್, ಘರ್ರ್ ಎಂದು ಚೀರತೊಡಗಿತು. ಮಾವನವರು ತಲೆ ವಾಲಿಸಿ ಗಂಭೀರವಾಗಿ ಕೇಳಿದರು.

"ಕಪ್ಪ ಮೂರಕ್ಕ ಹೊಂಟೈತಿ," ಎಂದರು, ಪೇಟಿಯ ಕಪ್ಪು ಮನೆಯ ಲೆಕ್ಕದಲ್ಲಿ ಶ್ರುತಿ ಹೇಳುತ್ತ. "ಆದ್ರ ಶ್ರುತಿ ನಿಂದರವಲ್ಲದು. ತಮ್ಮಾ, ಸ್ವಲ್ಪ ಇಳಿಸಿ ಹಾಡಸು."

"ಅದರ ಕಿವಿ ಹಿಂಡಾಕ ಬರಂಗಿಲ್ರಿ ಅಜ್ಜಾರ" ಎಂದ ಅಂಗಡಿಯವನು.

ನೂರೈವತ್ತರ ಕೈಯಲ್ಲಿ ಸಿಕ್ಕಿಬಿದ್ದವಳು ನಾನೊಬ್ಬಳೇ ಅಲ್ಲ ಎಂದು ಅಲ್ಲಿ ಗೊತ್ತಾಯಿತು. ಯಾವ ಯಾವ ದೇಶದವರೋ ಅದಕ್ಕಾಗಿ ತಲೆ ಚಚ್ಚಿಕೊಂಡಿದ್ದರು. ಒಬ್ಬರು ಬರೆದಿದ್ದರು: ಎರಡೂ ಟೇಬಲ್ಲುಗಳು ಒಂದೇ ಬಗೆಯವಾಗಿವೆಯೇ ನೋಡಿ, ಹಳೆಯ ಬಗೆಯ ಟೇಬಲ್ಲಿಗೆ ಈ ಕಟ್ಟುಪಾಡು ಗೊತ್ತೇ ಇಲ್ಲ. ನಾನು ಹಣೆ ಚಚ್ಚಿಕೊಂಡೆ. ಎಲ್ಲವನ್ನೂ ಹೊಸ ಬಗೆಯಲ್ಲಿ ಮಾಡಿದ್ದೆ. ಊರುಗಳದ್ದು ಮಾತ್ರ ತರಬೇತಿ ಕೇಂದ್ರದಿಂದ ಎತ್ತಿಕೊಂಡು ಬಂದ ಹಳೆಯ ಬಗೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರು ಹಚ್ಚಿ, ಒಂದು ಸಾಲು ಬರೆದು ಅದರ ಬಗೆ ಬದಲಿಸಿದೆ. ಆರ್ಡರುಗಳ ಟೇಬಲ್ ಗಪ್‌ಚುಪ್ಪಾಗಿ ಆಗಿಬಿಟ್ಟಿತು. ಮಾವನವರು, ಈಗ ಎಷ್ಟಿದೆ ಎಂದು ಕೇಳಿದರು. "ಏನೂ ಇಲ್ರಿ. ಇಳೀತು" ಎಂದೆ. ಅತ್ತೆ ಸಿಹಿಗೆಂದು ಸಿರಾ ಮಾಡಿದರು.

ಮೊದಲ ಪರೀಕ್ಷೆ ಅತ್ತೆಯದೇ. ನುಸಿ ತಿಂದ ಬಿಳಿ ಗಡ್ಡವೊಂದನ್ನು ಚಿಮಟದಲ್ಲಿ ಹಿಡಿದು ತಂದು, "ಇದನ್ನ ಒಳಗಿಂದ ತಗದ ಹಾಕು, ಒಲಿಗೆ ಹಾಕೂನು" ಎಂದರು. ಅಳಿಸಲು ಹೋದೆ. ಕಂಪ್ಯೂಟರು ಒಪ್ಪಲಿಲ್ಲ, ಈ ಗಡ್ಡವನ್ನು ನಂಬಿಕೊಂಡ ಪಾತ್ರವೊಂದಿದೆ ಎಂದಿತು.

"ಯಾವ ಪಾತ್ರ?"

"ಒಬ್ಬ ಋಷಿ ಅದಾನ್ರಿ."

ಅತ್ತೆ ಗಡ್ಡವನ್ನು ನೋಡಿದರು. ಮಾವನವರು ಕೈ ಮುಗಿದು, "ಋಷಿ ಶಾಪಾ ಗೀಪಾ ಕೊಟ್ಟಾನು. ಮೊದಲ ಅಂವಗ ಬ್ಯಾರೆ ಗಡ್ಡಾ ಕೊಡು" ಎಂದರು. ಹೊಸ ಗಡ್ಡವನ್ನು ಋಷಿಗೆ ಕೊಟ್ಟ ಮೇಲೆಯೇ ಹಳೆಯದು ಒಲೆ ಕಂಡಿತು. ಅತ್ತೆಗೆ ಕಂಪ್ಯೂಟರಿನ ಮೇಲೆ ಅಂದೇ ಸ್ವಲ್ಪ ಗೌರವ ಬಂತು.

ಎರಡನೆಯ ಪರೀಕ್ಷೆಗೆ ಬಂದವನು ಉಗರಗೋಳದವನು. ಎಲ್ಲಮ್ಮನ ಗುಡ್ಡಕ್ಕೆ ಬರುವ ಯಾತ್ರಿಕರಿಗೆ ಕಾಯಿ, ಕರ್ಪೂರ, ಭಂಡಾರದ ಅರಿಸಿನ ಮಾರುವ ಅಂಗಡಿ ಅವನದು. ಬಾಗಿಲು ತುಂಬುವಷ್ಟು ಅಗಲ. ಗುಡ್ಡದಲ್ಲಿ ಗಿರಾಕಿ ಕರೆದೂ ಕರೆದೂ ಪಳಗಿದ ಗಂಟಲು. ಅವನ ಊರಿನ ನಾಟಕದಲ್ಲಿ ಅವನದೇ ರಾಕ್ಷಸನ ಪಾತ್ರ. ನಾನು ಗತ್ತಿನಿಂದ ಕೂತು ಆರ್ಡರು ಬರೆದುಕೊಂಡೆ. ನಾಟಕ ಸೇರಿತು, ತಾರೀಖು ಸೇರಿತು. ಊರು ಉಗರಗೋಳ ಎಂದು ಹೊಡೆದ ಕೂಡಲೇ ಕಂಪ್ಯೂಟರು ಎಲ್ಲವನ್ನೂ ತಿರಸ್ಕರಿಸಿತು.

"ಏನಾತ್ರಿ ಅಕ್ಕಾರ?"

"ನಿಮ್ಮೂರ ಇಲ್ಲ ಅನ್ನಾಕತ್ತೈತ್ರಿ."

"ಇಲ್ಲ ಅಂದ್ರ?"

"ಇದರಾಗ ಇಲ್ರಿ."

"ಇಲ್ಲಂದ್ರ ಏನ್ರಿ ಅಕ್ಕಾರ! ಮುಂಜಾನೆ ಅಲ್ಲೇ ಎದ್ದ, ಅಲ್ಲೇ ಮಾರಿ ತೊಳಕೊಂಡ ಬಂದೇನಿ! ಹೇಣ್ತಿ ಮಕ್ಕಳನ್ನ ಅಲ್ಲೇ ಬಿಟ್ಟ ಬಂದೇನಿ!"

ಹಾಗಲ್ಲ, ತರಬೇತಿ ಕೇಂದ್ರದ ಮಕ್ಕಳು ತುಂಬಿದ ಊರುಗಳಿವು, ನಿಮ್ಮ ಊರಿನಿಂದ ಯಾರೂ ಕಲಿಯಲು ಬಂದಿರಲಿಲ್ಲ, ಸೇರಿಸಿದರೆ ಆಯಿತು ಎಂದು ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಅವನು ತನ್ನ ಊರು ಕತ್ತಲಲ್ಲಿ ಮುಳುಗಿದ್ದನ್ನು ಕಣ್ಣಾರೆ ಕಂಡವನಂತೆ ಪರದೆ ನೋಡಿ, ಟೋಪಿ ಸರಿಮಾಡಿಕೊಂಡು, "ಊರಿಗೆ ಹೋಗಿ ಹೇಳ್ತೇನಿ" ಎಂದು ಎದ್ದ. ಕೂಗಿ ಕರೆದರೂ ನಿಲ್ಲಲಿಲ್ಲ.

ಅವನು ಹೇಳಿದ. ಆ ಗಂಟಲಿನಲ್ಲಿ ಹೇಳಿದನೆಂದರೆ ಗುಡ್ಡದ ಮೇಲಿನವರಿಗೂ ಕೇಳಿಸಿರಬೇಕು. ನಾಲ್ಕೈದು ದಿನ ಬಿಟ್ಟು ನಮ್ಮ ಮನೆಯ ಮುಂದೆ ಒಂದು ಟ್ರ್ಯಾಕ್ಸ್ ಜೀಪು ನಿಂತು, ಅದರೊಳಗಿಂದ ಹಿರಿಯರು ಇಳಿದೇ ಇಳಿದರು. ಒಬ್ಬರ ಕೈಯಲ್ಲಿ ರೇಷನ್ ಕಾರ್ಡು, ಇನ್ನೊಬ್ಬರ ಕೈಯಲ್ಲಿ ಕರೆಂಟಿನ ಬಿಲ್ಲು, ಮೂರನೆಯವರ ಕೈಯಲ್ಲಿ ಊರಿನ ಹೆಸರಿನ ಹಲಗೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ. ರಾಕ್ಷಸ ಎಲ್ಲರ ಹಿಂದೆ ಕೈ ಕಟ್ಟಿ ನಿಂತಿದ್ದ. ಅತ್ತೆ ಗಾಬರಿಯಾಗಿ ಎಲ್ಲರಿಗೂ ಚಹಾಕ್ಕೆ ಇಟ್ಟರು.

ಎಲ್ಲಕ್ಕಿಂತ ಹಿರಿಯರು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೂತರು. "ತಾಯಿ, ನಮ್ಮೂರಿಂದ ಏನ ತಪ್ಪಾಗೈತಿ?"

"ಏನೂ ಆಗಿಲ್ರಿ ಯಜ್ಜಾ. ಹೆಸರ ಹಾಕೋದ ಉಳದಿತ್ತು. ಈಗ ಹಾಕ್ತೇನಿ."

"ನಮ್ಮ ಮುಂದ ಹಾಕ್ರಿ."

ಹೊಡೆದೆ. ಒಂದೊಂದು ಇಂಗ್ಲಿಷ್ ಅಕ್ಷರ ಮೂಡಿದಂತೆ ಅವರ ಪೈಕಿ ಶಾಲೆ ಓದಿದವರೊಬ್ಬರು ಗಟ್ಟಿಯಾಗಿ ಓದಿ ಹೇಳಿದರು. ಒಂದು ಸಾಲು ಸೇರಿತು ಎಂದು ಕಂಪ್ಯೂಟರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಆರ್ಡರು ಹೊಡೆದೆ. ತಕರಾರಿಲ್ಲದೆ ಒಳಗೆ ಹೋಯಿತು. ಹಿರಿಯರು ಎದ್ದು ಹೋಗುವಾಗ, "ಮತ್ತ ಕರೆಂಟ ಹೋದ್ರ ಇರ್ತೈತಲ್ಲ?" ಎಂದು ಬಾಗಿಲಲ್ಲಿ ನಿಂತು ಕೇಳಿದರು. ಇರುತ್ತದೆ ಎಂದು ಮಾತು ಕೊಟ್ಟೆ.

ಈ ಸುದ್ದಿ ಊರೂರು ಹಬ್ಬಿತು. ಡ್ರೆಸ್ಸು ಬೇಕಿಲ್ಲದವರೂ ಸಂತೆಗೆ ಬಂದವರು ನಮ್ಮ ಕಟ್ಟೆ ಹತ್ತಿ, "ನಮ್ಮೂರ ಐತೇನ್ರಿ?" ಎಂದು ಕೇಳತೊಡಗಿದರು. ದೇಗಾಂವದವರಿಬ್ಬರು ಬಂದಾಗ, ಇದೆ ಎಂದು ತೋರಿಸಿದೆ. "ಕಮಲನಾರಾಯಣ ಗುಡಿ ಎಲ್ಲೈತಿ?" ಎಂದರು. ಗುಡಿಗೆ ಜಾಗವಿಲ್ಲ ಎಂದಾಗ, "ಗುಡಿ ಇಲ್ದ ದೇಗಾಂವ ಹೆಂಗ ಆಗ್ತೈತ್ರಿ?" ಎಂದು ಬೇಸರ ಮಾಡಿಕೊಂಡು ಹೋದರು. ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಲಾರಿ ಡ್ರೈವರೊಬ್ಬ ತನ್ನ ಊರು ಹುಡುಕಲು ಹೇಳಿದ. ಮಕ್ಕಳು ಬರೀ ಹುಬ್ಬಳ್ಳಿ ಎಂದು ಬರೆದಿದ್ದರು.

"ಅದು ದೊಡ್ಡ ಹುಬ್ಬಳ್ಳಿ ಆತ್ರಿ. ನಮ್ಮದು ಎಂ.ಕೆ.! ಹಿಂಗ ಬರದಿರಿ ಅಂದ್ರ ನಿಮ್ಮ ಟ್ರಂಕ ಹುಬ್ಬಳ್ಳಿ ಸ್ಟೇಶನ್ನಿಗೆ ಹೋಗಿ ರೈಲ ಹತ್ತತೈತಿ."

ಅವನು ಹೇಳಿದ್ದು ಸರಿಯೇ ಇತ್ತು. ಎಂ.ಕೆ. ಸೇರಿಸಿದೆ. ಲಾರಿ ಹಾರ್ನು ಹೊಡೆದು ಸಂತೋಷ ತೋರಿಸಿ ಹೋದ.

ಉಗರಗೋಳದ ನಾಟಕಕ್ಕೆ ನನ್ನನ್ನೂ ಮಾವನವರನ್ನೂ ಬರಲೇಬೇಕೆಂದು ಕರೆದರು. ಸಂಜೆ ಬಿಸಿಲಿಳಿದ ಮೇಲೆ, ನಾಟಕಕ್ಕೆ ಮೊದಲು, ನನ್ನನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸಿ ಕೈಗೆ ಕಾಯಿ ಕೊಟ್ಟರು. ಮೈಕಿನವನು, "ಬೈಲಹೊಂಗಲದ ಕಂಪ್ಯೂಟರಿನೊಳಗ ನಮ್ಮ ಊರನ್ನ ಹುಟ್ಟಿಸಿದ ಅಕ್ಕಾರು" ಎಂದು ಪರಿಚಯಿಸಿದ. ಎರಡು ಮಾತು ಆಡಿ ಎಂದರು. ನನಗೆ ಏನೂ ಹೊಳೆಯಲಿಲ್ಲ. "ಉಗರಗೋಳ ಐತ್ರಿ" ಎಂದೆ. ಜನ ಎದ್ದು ನಿಂತು ಕೇಕೆ ಹಾಕಿದರು. ಜೀವನದಲ್ಲಿ ನನ್ನ ಭಾಷಣಕ್ಕೆ ಅಷ್ಟು ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.

ರಾಕ್ಷಸ ರಾಕ್ಷಸನ ಡ್ರೆಸ್ಸಿನಲ್ಲೇ ಬಂದ. ಕೋರೆಹಲ್ಲು, ಕೊಂಬು, ಮೀಸೆ ಎಲ್ಲವೂ ರಾಕ್ಷಸನದೇ. ಅವನು ಅಬ್ಬರಿಸಿದಾಗ ನನ್ನ ಪಕ್ಕದ ಹೆಂಗಸಿನ ಕೂಸು ಚೀರಿ ಅತ್ತಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಕೂಸನ್ನು ಎತ್ತಿ ಮುದ್ದಾಡಬೇಕೆನ್ನಿಸಿತು. ಮಾವನವರು ಪೇಟಿಯವನ ಶ್ರುತಿ ಸರಿಯಿಲ್ಲವೆಂದು ಅವನನ್ನು ಎಬ್ಬಿಸಿ ತಾವೇ ಕೂತುಬಿಟ್ಟಿದ್ದರು.

ಮರುದಿನ ಟ್ರಂಕು ಮನೆಗೆ ಬಂದಾಗ ಅತ್ತೆ ಒಂದೊಂದಾಗಿ ತೆಗೆದು ಹೇಳಿದರು, ನಾನು ಒಂದೊಂದಾಗಿ ಹೊಡೆದೆ. ಕೊಂಬು ಬಂತು. ಹಲ್ಲು ಬಂತು. ಮೀಸೆ ಇರಲಿಲ್ಲ. ಅತ್ತೆ ಟ್ರಂಕು ತಲೆಕೆಳಗು ಮಾಡಿ ಝಾಡಿಸಿದರು. "ನಿನ್ನ ಕಂಪ್ಯೂಟರಿಗೆ ಕೇಳು" ಎಂದರು. ರಾಕ್ಷಸನ ಹತ್ತಿರ ಇದೆ ಎಂದು ಅದು ಹೇಳಿತು. ಅದು ನಮಗೂ ಗೊತ್ತಿತ್ತು.

ಮಧ್ಯಾಹ್ನದ ಬಸ್ಸಿಗೆ ರಾಕ್ಷಸನೇ ಬಂದ. ಮುಖಕ್ಕೆ ಟವೆಲ್ಲು ಸುತ್ತಿಕೊಂಡಿದ್ದ. ತೆಗೆದರೆ ಬಿಳಿ ಅಂಗಿ, ಗಾಂಧಿ ಟೋಪಿ, ನಡುವೆ ಕಿವಿಯವರೆಗೆ ಹುರಿಮಾಡಿದ ರಾಕ್ಷಸನ ಮೀಸೆ.

"ಅಂಟ ಬಿಡವಲ್ಲದ್ರಿ ಯವ್ವಾ. ಮುಂಜಾನಿಂದ ಅಂಗಡ್ಯಾಗ ಒಬ್ಬ ಗಿರಾಕಿ ನಿಂತಿಲ್ಲ. ಬಸ್ಸಿನಾಗ ಕಂಡಕ್ಟರ್ ತಿಕೀಟ ಕೇಳಾಕ ಅಂಜಿದ."

ಅತ್ತೆ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಬೆಚ್ಚಗಿನ ಎಣ್ಣೆ ಹಚ್ಚಿ, ಕೂಸಿಗೆ ಮಾಡುವಂತೆ ಮೆಲ್ಲಗೆ ಎಳೆಯುತ್ತ ಹೋದರು. ಅಷ್ಟು ದೊಡ್ಡ ಮನುಷ್ಯ ಕಣ್ಣು ಮುಚ್ಚಿ, ಕಂಬ ಹಿಡಿದು, "ಮೆಲ್ಲಕ, ಮೆಲ್ಲಕ" ಎನ್ನುತ್ತಿದ್ದ. ಮೀಸೆ ಬಿಟ್ಟುಬಂದಾಗ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಹರಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ತಿರುಗಿ, "ಬಂತಂತ ಹೊಡಿ" ಎಂದರು. ಅವನು ಕೆಂಪಾದ ಮೇಲ್ದುಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ, ಅತ್ತೆ ಕೊಟ್ಟ ಚಹಾ ಕುಡಿದು, ಸವದತ್ತಿಯ ಬಸ್ಸು ಹಿಡಿದ.